ಕಾಂಕ್ರೀಟ್ ಹಾಸಿನ ಮೇಲೆ ಮರದ ಗೋಡೆ: ಅಡಿಪಟ್ಟಿಯ ಕೆಳಗೆ ಏನು ಹಾಕಬೇಕು?

ಹೊಸಗೋಡೆ

ಎಲ್ಲರಿಗೂ ನಮಸ್ಕಾರ. 8 ಮೀಟರ್ ಉದ್ದ, 5 ಮೀಟರ್ ಅಗಲದ ಕೆಲಸದ ಕೋಣೆಯೊಂದನ್ನು ಕಟ್ಟುತ್ತಿದ್ದೇನೆ. ನೆಲ ಕಾಂಕ್ರೀಟ್, ಗೋಡೆ ಪೂರ್ತಿ ಮರದ ಚೌಕಟ್ಟು. ಕಾಂಕ್ರೀಟ್ ಸುರಿದು ಆರು ವಾರಗಳಾದವು. ಅದು ಹಸಿಯಿದ್ದಾಗಲೇ ಅಂಚಿನುದ್ದಕ್ಕೂ 12 ಮಿಲಿಮೀಟರ್ ಬೋಲ್ಟ್‌ಗಳನ್ನು ಇಳಿಸಿದ್ದೇವೆ. ಮುಂದಿನ ವಾರ ಅಡಿಪಟ್ಟಿ ಕೂರಿಸಬೇಕು. ನಿಲುವುಮರಗಳನ್ನೆಲ್ಲ ಹೊತ್ತು ಕಾಂಕ್ರೀಟಿನ ಮೇಲೆ ಮಲಗುವ ಉದ್ದದ ಮರವನ್ನು ನಾನು ಅಡಿಪಟ್ಟಿ ಎನ್ನುತ್ತಿದ್ದೇನೆ, ಸಿಲ್ ಪ್ಲೇಟ್ ಎಂದರೂ ಅದೇ. ನನ್ನದು 38 ಮಿಲಿಮೀಟರ್ ದಪ್ಪ, 140 ಮಿಲಿಮೀಟರ್ ಅಗಲದ, ಔಷಧಿ ಹೀರಿಸಿದ ಪೈನ್ ಮರ.

ಈ ಎರಡರ ನಡುವೆ ಏನು ಹಾಕಬೇಕೆಂಬುದೇ ನನ್ನ ಪ್ರಶ್ನೆ. ಒಬ್ಬರು ತೆಳು ಫೋಮ್ ಸುರುಳಿ ಹಾಸಿ ಎನ್ನುತ್ತಾರೆ. ಇನ್ನೊಬ್ಬರು ರಬ್ಬರ್ ಗ್ಯಾಸ್ಕೆಟ್ ಬಿಟ್ಟು ಬೇರೆ ಯೋಚಿಸಲೇಬೇಡಿ ಎನ್ನುತ್ತಾರೆ. ಮತ್ತೊಬ್ಬರು ಟಾರ್ ಫೆಲ್ಟ್, ಅಂದರೆ ಡಾಂಬರು ಹೀರಿಸಿದ ಹಾಳೆ, ಸಾಕು ಎಂದರು, ಮಗದೊಬ್ಬರು ಸಂದು ಮುಚ್ಚುವ ಸೀಲೆಂಟ್ ಅಂಟನ್ನು ಎರಡು ಸಾಲು ಎಳೆದರೆ ಆಯಿತು ಎಂದರು. ಗೋಡೆ ನಿಂತ ಮೇಲೆ ಈ ಜಾಗಕ್ಕೆ ಮತ್ತೆ ಕೈ ಹಾಕಲು ಆಗುವುದಿಲ್ಲ. ಹಾಗಾಗಿ ಒಂದು ವಾರ ತಡವಾದರೂ ಚಿಂತೆಯಿಲ್ಲ, ಸರಿಯಾಗಿ ಮಾಡಬೇಕೆಂದಿದ್ದೇನೆ.

ಸರಳದಾರಿ

6 ಮಿಲಿಮೀಟರ್ ದಪ್ಪದ ಪಾಲಿಎಥಿಲೀನ್ ಫೋಮ್ ಸುರುಳಿ ಹಾಸಿ, ಮೇಲೆ ಪಟ್ಟಿ ಇಟ್ಟು ನಟ್ ಬಿಗಿಯಿರಿ. ನಾನು ಮೂರು ಕಟ್ಟಡಗಳಿಗೆ ಇದನ್ನೇ ಹಾಕಿದ್ದೇನೆ. ಇಷ್ಟು ಸಣ್ಣ ವಿಷಯಕ್ಕೆ ಒಂದು ವಾರ ಬೇಡ.

ಉಳಿಬಾಚಿ

ಸರಳದಾರಿಯವರು ಹೇಳಿದ್ದು ತಪ್ಪಲ್ಲ. ಆದರೆ ಹಾಸು ಹೇಗಿದೆ ಎಂದು ಕೇಳದೆ ಉತ್ತರ ಕೊಟ್ಟುಬಿಟ್ಟರು. ಬಡಗಿ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದು ಮುಖ್ಯವಾದದ್ದು: ಅಡಿಪಟ್ಟಿಯ ಕೆಳಗೆ ಏನು ಹಾಕಬೇಕೆಂದು ಅಂಗಡಿಯಲ್ಲಿ ನಿಂತು ನಿರ್ಧರಿಸಲಾಗದು, ಹಾಸಿನ ಮೇಲೆ ಮಂಡಿಯೂರಿ ನೋಡಿದ ಮೇಲೆಯೇ ನಿರ್ಧರಿಸಬೇಕು.

ಒಂದು ಉದ್ದದ, ನಿಜವಾಗಿಯೂ ನೇರವಾದ ಮಟ್ಟಗೋಲು ತೆಗೆದುಕೊಳ್ಳಿ. 3 ಮೀಟರ್ ಇದ್ದರೆ ಒಳ್ಳೆಯದು. ಅಡಿಪಟ್ಟಿ ಕೂರುವ ಸಾಲಿನಲ್ಲೇ ಅದನ್ನು ಇಟ್ಟು ಒಂದು ಕಡೆಯಿಂದ ಟಾರ್ಚ್ ಬೆಳಕು ಬಿಡಿ, ಇನ್ನೊಂದು ಕಡೆ ನೆಲಕ್ಕೆ ಕೆನ್ನೆ ತಾಗಿಸಿ ನೋಡಿ. ಎಲ್ಲೆಲ್ಲಿ ಬೆಳಕು ತೂರಿ ಬರುತ್ತದೋ ಅಲ್ಲಲ್ಲಿ ತೆಳು ತಗಡಿನ ತುಂಡುಗಳನ್ನು ಒಂದರ ಮೇಲೊಂದು ತೂರಿಸಿ ಅಳೆದು, ಕಾಂಕ್ರೀಟಿನ ಮೇಲೆಯೇ ಸೀಸದ ಕಡ್ಡಿಯಿಂದ ಅಂಕಿ ಬರೆಯಿರಿ. ಆಮೇಲೆ ಮಟ್ಟಗೋಲನ್ನು ಅರ್ಧದಷ್ಟು ಮುಂದೆ ಸರಿಸಿ ಮತ್ತೆ ಅಳೆಯಿರಿ. ಹೀಗೆ ಸುತ್ತಲೂ. ಒಂದು ಗಂಟೆಯ ಕೆಲಸ.

ಆ ಅಂಕಿಗಳನ್ನು ಇಲ್ಲಿ ಹಾಕಿ. ಜೊತೆಗೆ ಇನ್ನೊಂದನ್ನು ತಿಳಿಸಿ: ಅಡಿಪಟ್ಟಿ ಇಟ್ಟ ಮೇಲೆ ಕಾಂಕ್ರೀಟ್ ಹೊರಗಡೆಗೆ ಚಾಚಿಕೊಂಡಿರುತ್ತದೆಯೋ, ಅಥವಾ ಮರದ ಹೊರಮುಖಕ್ಕೆ ಸರಿಸಮವಾಗಿದೆಯೋ?

ಕಟ್ಟಡಭೌತ

ಅಳತೆ ಬರುವಷ್ಟರಲ್ಲಿ ನನ್ನ ಕಡೆಯಿಂದ ಸ್ವಲ್ಪ. ಈ ಚರ್ಚೆ ಎಲ್ಲೇ ನಡೆದರೂ ದಾರಿ ತಪ್ಪುವುದು ಒಂದೇ ಕಾರಣಕ್ಕೆ. ಆ ಸಂದಿನಲ್ಲಿ ಆಗಬೇಕಾದ ಕೆಲಸಗಳು ಮೂರು, ನಾವು ಮೂರಕ್ಕೂ ಒಂದೇ ವಸ್ತುವಿನ ಹೆಸರು ಕೇಳುತ್ತೇವೆ.

ಮೊದಲನೆಯದು ನೀರು ಮೇಲೇರದಂತೆ ತಡೆಯುವುದು. ಕಾಂಕ್ರೀಟ್ ಕಣ್ಣಿಗೆ ಕಲ್ಲಿನಂತೆ ಕಂಡರೂ ಅದರ ಒಳಗೆಲ್ಲ ಕೂದಲಿಗಿಂತ ಸೂಕ್ಷ್ಮವಾದ ರಂಧ್ರಗಳಿರುತ್ತವೆ. ಬತ್ತಿ ಎಣ್ಣೆಯನ್ನು ಹೀರುವಂತೆ ಅದು ಮಣ್ಣಿನಿಂದ ನೀರನ್ನು ಹೀರುತ್ತದೆ. ಮರವೂ ಅಷ್ಟೇ. ಎರಡನ್ನೂ ನೇರವಾಗಿ ಒತ್ತಿ ಇಟ್ಟರೆ ಒಂದರಿಂದ ಇನ್ನೊಂದಕ್ಕೆ ನೀರು ದಾಟುತ್ತದೆ. ಮರದ ತೇವಾಂಶ ಶೇ 20ರ ಒಳಗಿದ್ದರೆ ಭಯವಿಲ್ಲ. ಶೇ 28–30ರ ಆಸುಪಾಸಿಗೆ ಹೋಗಿ ಅಲ್ಲಿಯೇ ನಿಂತರೆ ಕೊಳೆಸುವ ಶಿಲೀಂಧ್ರ ನೆಲೆಯೂರುತ್ತದೆ. ಇದನ್ನು ತಡೆಯಲು ದಪ್ಪವಾದ ವಸ್ತು ಬೇಕಿಲ್ಲ. ನೀರು ಹೀರದ, ಎಲ್ಲಿಯೂ ತುಂಡಾಗದ ಒಂದು ಹಾಳೆ ಸಾಕು.

ಎರಡನೆಯದು ಗಾಳಿ ನುಸುಳದಂತೆ ತಡೆಯುವುದು. ನಿಮ್ಮ ಕೋಣೆಯ ಸುತ್ತಳತೆ 26 ಮೀಟರ್. ಸುತ್ತಲೂ ಬರೀ 1 ಮಿಲಿಮೀಟರ್ ಸಂದು ಉಳಿಯಿತು ಎಂದುಕೊಳ್ಳಿ. ಒಟ್ಟು 260 ಚದರ ಸೆಂಟಿಮೀಟರ್. ಗೋಡೆಯಲ್ಲಿ 16 ಸೆಂಟಿಮೀಟರ್ ಚೌಕದ ಒಂದು ಕಿಂಡಿ ಕೊರೆದು ಹಾಗೆಯೇ ಬಿಟ್ಟಂತೆ. ಆ ಕಿಂಡಿಯನ್ನು ಯಾರೂ ಸಹಿಸುವುದಿಲ್ಲ, ಸಂದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಗಾಳಿಯ ಜೊತೆ ತೇವ, ದೂಳು, ಹುಳ ಎಲ್ಲವೂ ಬರುತ್ತವೆ. ಈ ಕೆಲಸಕ್ಕೆ ಬೇಕಾದದ್ದು ಸಂದು ಹಿಗ್ಗಿದಾಗ ತಾನೂ ಹಿಗ್ಗಿ ತುಂಬುವ ಗುಣ.

ಮೂರನೆಯದು ಭಾರವನ್ನು ಸಮನಾಗಿ ಕಾಂಕ್ರೀಟಿಗೆ ದಾಟಿಸುವುದು. ಇದನ್ನು ಮೆತ್ತಗಿನ ಯಾವ ವಸ್ತುವೂ ಮಾಡುವುದಿಲ್ಲ. ಹಾಸು ತಗ್ಗಾಗಿದ್ದರೆ ಅಲ್ಲಿ ಗಟ್ಟಿಯಾದ ಗಾರೆಯೇ ಬೇಕು.

ಫೋಮ್ ಸುರುಳಿ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ. ಅದರ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿಲ್ಲ, ಹಾಗಾಗಿ ನೀರು ಹೀರುವುದಿಲ್ಲ. ಎರಡನೆಯದನ್ನು ಅರ್ಧಂಬರ್ಧ ಮಾಡುತ್ತದೆ. ಮೂರನೆಯದನ್ನು ಮಾಡುವುದೇ ಇಲ್ಲ.

ಸರಳದಾರಿ

ಎರಡನೆಯದನ್ನು ಅರ್ಧಂಬರ್ಧ ಎಂದಿರಿ. 6 ಮಿಲಿಮೀಟರ್ ಫೋಮ್ ಇದ್ದ ಮೇಲೆ 1 ಮಿಲಿಮೀಟರ್ ಸಂದು ಎಲ್ಲಿಂದ ಬರುತ್ತದೆ?

ಕಟ್ಟಡಭೌತ

ಒಳ್ಳೆಯ ಪ್ರಶ್ನೆ. ಭಾರ ಬಿದ್ದ ಕಡೆ ಆ 6 ಮಿಲಿಮೀಟರ್ ಅದುಮಿ ಒಂದೆರಡು ಮಿಲಿಮೀಟರಿಗೆ ಇಳಿಯುತ್ತದೆ. ಒಮ್ಮೆ ಹಾಗೆ ಅದುಮಿದ ಪಾಲಿಎಥಿಲೀನ್ ಫೋಮ್ ಪೂರ್ತಿಯಾಗಿ ಮೇಲೇಳುವುದಿಲ್ಲ. ಈಗ ಮರದ ಕಡೆ ಬನ್ನಿ. ಔಷಧಿ ಹೀರಿಸಿದ ಮರ ಬಹಳ ಸಲ ಒದ್ದೆಯಾಗಿಯೇ ಬರುತ್ತದೆ. ಶೇ 28ರಿಂದ ಶೇ 12ಕ್ಕೆ ಒಣಗುವಾಗ 38 ಮಿಲಿಮೀಟರ್ ದಪ್ಪದ ಪಟ್ಟಿ ಸುಮಾರು ಒಂದೂವರೆ ಮಿಲಿಮೀಟರ್ ಕುಗ್ಗುತ್ತದೆ. ಬೋಲ್ಟ್ ಕುಗ್ಗುವುದಿಲ್ಲ, ಹಾಗಾಗಿ ನಟ್ ಸಡಿಲವಾಗುತ್ತದೆ. ಪಟ್ಟಿ ಒಣಗುತ್ತ ಸ್ವಲ್ಪ ಬಾಗುವುದೂ ಉಂಟು. ಬಾಗಿದ ಕಡೆ ಫೋಮ್ ಮೇಲೆದ್ದು ಹಿಂಬಾಲಿಸುವುದಿಲ್ಲ, ಅಲ್ಲಿ ಸಂದು ಬಾಯಿ ಬಿಡುತ್ತದೆ.

ಇಪಿಡಿಎಂ ರಬ್ಬರಿನ ಟೊಳ್ಳು ನಳಿಕೆಯ ಗ್ಯಾಸ್ಕೆಟ್ ಇಲ್ಲಿ ಮೇಲು. ವರ್ಷಗಟ್ಟಲೆ ಅದುಮಿಟ್ಟರೂ ಅದು ಪುಟಿಯುವ ಗುಣವನ್ನು ಹೆಚ್ಚು ಕಳೆದುಕೊಳ್ಳುವುದಿಲ್ಲ, ಕೊರೆಯುವ ಚಳಿಯಲ್ಲಿಯೂ ಬಿರುಸಾಗುವುದಿಲ್ಲ.

ಹಳೆಶೆಡ್

ನನ್ನ ಅನುಭವ ಹೇಳಲೇಬೇಕು. ಹನ್ನೊಂದು ವರ್ಷದ ಹಿಂದೆ ಇಂಥದ್ದೇ ಕೋಣೆ ಕಟ್ಟಿಸಿದೆ. ಅಡಿಪಟ್ಟಿಯ ಕೆಳಗೆ ಟಾರ್ ಫೆಲ್ಟ್ ಹಾಕಿದ್ದರು. ಕಳೆದ ವರ್ಷ ಹೊರಗಿನ ಹಲಗೆಗೆ ಬಣ್ಣ ಬಳಿಯಲು ಹೋದಾಗ ಕೆಳಗಿನ ಸಾಲು ಕೈಯಿಂದ ಒತ್ತಿದರೆ ಒಳಕ್ಕೆ ಹೋಗುತ್ತಿತ್ತು. ಹಲಗೆ ಕಿತ್ತೆ. ಅಡಿಪಟ್ಟಿಗೆ ಸ್ಕ್ರೂಡ್ರೈವರ್ ಊರಿದರೆ ಹಿಡಿಯವರೆಗೂ ಇಳಿಯಿತು. ಮರ ಪೂರ್ತಿ ಲಡ್ಡಾಗಿತ್ತು. ಬೆರಳಿನಿಂದ ಎತ್ತಿದರೆ ಕಂದು ಬಣ್ಣದ ಸಣ್ಣ ಸಣ್ಣ ಚೌಕದ ತುಂಡುಗಳಾಗಿ ಕೈಗೆ ಬಂತು, ಹಿಸುಕಿದರೆ ಪುಡಿ. ಒಂದು ಬದಿಯಲ್ಲಿ ಎರಡೂವರೆ ಮೀಟರ್ ಉದ್ದ ಹೀಗೆ. ಉಳಿದ ಮೂರು ಬದಿ ಕಬ್ಬಿಣದಂತೆ ಗಟ್ಟಿ.

ಫೆಲ್ಟ್ ಕೈಕೊಟ್ಟಿತು ಎಂದು ಮೊದಲು ಬೈದುಕೊಂಡೆ. ಆಮೇಲೆ ನೋಡಿದರೆ ಫೆಲ್ಟ್ ಚೆನ್ನಾಗಿಯೇ ಇತ್ತು. ಆ ಒಂದು ಬದಿಯಲ್ಲಿ ಮಾತ್ರ ಕಾಂಕ್ರೀಟ್ ಹೊರಗೆ ಎರಡು ಬೆರಳಿನಷ್ಟು ಚಾಚಿಕೊಂಡಿತ್ತು. ಗೋಡೆಯ ಮೇಲೆ ಹರಿದ ಮಳೆನೀರು ಆ ಜಗುಲಿಯ ಮೇಲೆ ನಿಂತು, ಫೆಲ್ಟಿನ ಮೇಲುಗಡೆಯಿಂದ ಮರದ ಅಡಿಗೆ ನುಗ್ಗಿತ್ತು. ಕೆಳಗೆ ಫೆಲ್ಟ್, ಮೇಲೆ ಮರ, ನಡುವೆ ನೀರು. ಒಣಗಲು ದಾರಿಯೇ ಇರಲಿಲ್ಲ. ನೆಲದಿಂದ ಬರುವ ನೀರನ್ನು ತಡೆಯುವ ವಸ್ತು ಮೇಲಿನಿಂದ ಬಂದ ನೀರನ್ನು ಹಿಡಿದಿಟ್ಟುಕೊಂಡಿತು.

ಉಳಿಬಾಚಿಯವರು ಕೇಳಿದ ಎರಡನೆಯ ಪ್ರಶ್ನೆಗೆ ದಯವಿಟ್ಟು ಉತ್ತರ ಕೊಡಿ ಹೊಸಗೋಡೆಯವರೇ. ನಾನು ಅದನ್ನು ಅಂದು ಕೇಳಿಕೊಳ್ಳಲಿಲ್ಲ.

ಹೊಸಗೋಡೆ

ಇವತ್ತು ಬೆಳಿಗ್ಗೆ ಅಳೆದೆ. ಉದ್ದದ ಎರಡೂ ಬದಿಗಳಲ್ಲಿ ಹೆಚ್ಚೆಂದರೆ 3 ಮಿಲಿಮೀಟರ್ ಏರುಪೇರು. ಒಂದು ಅಡ್ಡಬದಿಯಲ್ಲಿ 2 ಮಿಲಿಮೀಟರ್. ಇನ್ನೊಂದು ಅಡ್ಡಬದಿಯ ಮೂಲೆಯಲ್ಲಿ, ಸುಮಾರು 1.2 ಮೀಟರ್ ಉದ್ದಕ್ಕೆ 9 ಮಿಲಿಮೀಟರ್ ತಗ್ಗು. ಸುರಿಯುವಾಗ ಕೊನೆಗೆ ಆ ಮೂಲೆಗೆ ಬಂದಿದ್ದೆವು, ಮಟ್ಟ ಎಳೆದವರ ಕೈ ಸೋತಿತ್ತು ಎನಿಸುತ್ತದೆ. ಅದಲ್ಲದೆ ಒಂದು ಕಡೆ ಉಬ್ಬಿದ ಸಣ್ಣ ಗುಡ್ಡೆ ಇದೆ, 4 ಮಿಲಿಮೀಟರ್.

ಹಳೆಶೆಡ್ ಅವರ ಬರಹ ಓದಿ ಎದೆ ಧಸಕ್ಕೆಂದಿತು. ಉದ್ದದ ಒಂದು ಬದಿಯಲ್ಲಿ ಹಲಗೆಯ ಅಚ್ಚು ಉಬ್ಬಿ ಕಾಂಕ್ರೀಟ್ 20 ಮಿಲಿಮೀಟರ್ ಹೊರಗೆ ಬಂದಿದೆ. ಉಳಿದ ಕಡೆ ಸರಿಸಮ.

ಗಾರೆಕೈ

ನನ್ನ ಪಾಲಿನ ಕೆಲಸ ಬಂತು.

ಗುಡ್ಡೆಯನ್ನು ಗ್ರೈಂಡರಿಗೆ ವಜ್ರದ ಬಟ್ಟಲು ಹಾಕಿ ಉಜ್ಜಿ ಇಳಿಸಿ. ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟದೆ ಯಂತ್ರ ಚಾಲೂ ಮಾಡಬೇಡಿ. ಕಾಂಕ್ರೀಟ್ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಬಟ್ಟೆ ಸುತ್ತಿಕೊಳ್ಳುವುದು ಸಾಲದು.

9 ಮಿಲಿಮೀಟರ್ ತಗ್ಗನ್ನು ಫೋಮ್ ಎರಡು ಪದರ ಮಡಚಿ ತುಂಬುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಮರದ ಬೆಣೆ ತುರುಕುವುದೂ ಬೇಡ, ಅದು ಕುಗ್ಗುತ್ತದೆ, ಕೊಳೆಯುತ್ತದೆ. ಕುಗ್ಗದ ಗ್ರೌಟ್ ಅಥವಾ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ಹಾಕಿ. ಹಾಕುವ ಮೊದಲು ಮೇಲಿನ ಸಿಮೆಂಟ್ ಹಾಲಿನ ಪದರವನ್ನು ತಂತಿ ಬ್ರಷ್ಷಿನಿಂದ ಕೆರೆದು ತೆಗೆಯಬೇಕು. ಉಗುರಿನಿಂದ ಗೀಚಿದರೆ ಬಿಳಿ ಪುಡಿ ಬರುತ್ತದಲ್ಲ, ಅದೇ ಆ ಪದರ. ಅದರ ಮೇಲೆ ಏನು ಹಾಕಿದರೂ ಅದರೊಂದಿಗೇ ಎದ್ದು ಬರುತ್ತದೆ, ಗಾರೆಯಾದರೂ ಅಷ್ಟೇ, ಸೀಲೆಂಟ್ ಆದರೂ ಅಷ್ಟೇ. ಕೆರೆದ ಮೇಲೆ ಗುಡಿಸಿ, ಒದ್ದೆ ಮಾಡಿ, ನಿಂತ ನೀರನ್ನು ಒರೆಸಿ, ಗಾರೆ ಒತ್ತಿ. ತಗ್ಗಿನ ಎರಡೂ ತುದಿಗೆ ಗಟ್ಟಿ ಪಟ್ಟಿ ಇಟ್ಟು ಮಟ್ಟಗೋಲಿನಲ್ಲಿ ಎಳೆಯಿರಿ. ಒಂದು ವಾರ ಬಿಡಿ.

ಸುತ್ತಲೂ ಅಡಿಪಟ್ಟಿಯ ಅಗಲದಷ್ಟು ಸಾಲನ್ನು ಇದೇ ರೀತಿ ಕೆರೆದು ಶುಚಿ ಮಾಡಿ. ಈ ಕೆಲಸವನ್ನು ಎಲ್ಲರೂ ಹಾರಿಸುತ್ತಾರೆ.

ಉಳಿಬಾಚಿ

20 ಮಿಲಿಮೀಟರ್ ಚಾಚಿಕೊಂಡಿರುವುದಕ್ಕೆ ಎರಡು ದಾರಿ. ಒಂದು, ಅಷ್ಟನ್ನೂ ಕತ್ತರಿಸುವುದು. ಬೋಲ್ಟ್ ಅಂಚಿಗೆ ಹತ್ತಿರವಿದ್ದರೆ ಇದು ಬೇಡ, ಹಿಡಿತ ಕಡಿಮೆಯಾಗುತ್ತದೆ. ಇನ್ನೊಂದು, ಬಾಗಿಸಿದ ತಗಡು. ಅದರ ಮೇಲಿನ ಭಾಗ ಗೋಡೆಯ ನೀರುತಡೆ ಹಾಳೆಯ ಹಿಂದಕ್ಕೆ 100 ಮಿಲಿಮೀಟರಾದರೂ ಹೋಗಬೇಕು. ನಡುವಿನ ಭಾಗ ಹೊರಗಡೆಗೆ ಇಳಿಜಾರಾಗಿರಬೇಕು. ಕೆಳಗಿನ ಅಂಚು ಕಾಂಕ್ರೀಟಿನಿಂದಾಚೆ ಮಡಚಿ, ಹನಿ ತೊಟ್ಟಿಕ್ಕುವಂತೆ ತುಸು ಹೊರಗೆ ತಿರುಗಿರಬೇಕು. ಉಳಿದ ಮೂರು ಬದಿಗಳಲ್ಲಿ ಹೊರಹಲಗೆಯನ್ನು ಕಾಂಕ್ರೀಟಿನ ಅಂಚಿಗಿಂತ 20–25 ಮಿಲಿಮೀಟರ್ ಕೆಳಕ್ಕೆ ಇಳಿಬಿಡಿ. ನೀರು ಅಲ್ಲಿಂದ ನೇರ ಕೆಳಗೆ ಬೀಳಲಿ, ಒಳಗೆ ತಿರುಗದಿರಲಿ.

ಹೊರಗಿನ ನೆಲ ಎಷ್ಟು ಕೆಳಗಿದೆ? ಚೌಕಟ್ಟಿನ ಮರ ನೆಲದಿಂದ 200 ಮಿಲಿಮೀಟರ್, ಹೊರಹಲಗೆ 150 ಮಿಲಿಮೀಟರ್ ಮೇಲಿರಬೇಕೆಂಬುದು ಬಹಳ ಕಡೆ ಪಾಲಿಸುವ ಲೆಕ್ಕ. ಮಳೆಹನಿ ನೆಲಕ್ಕೆ ಬಿದ್ದು ಸಿಡಿಯುವ ಎತ್ತರ ನೋಡಿದವರಿಗೆ ಇದರ ಅರ್ಥ ತಾನಾಗಿ ತಿಳಿಯುತ್ತದೆ.

ಫೆಲ್ಟ್‌ಪರ

ನಾನು ಟಾರ್ ಫೆಲ್ಟಿನ ಪರ ಒಂದು ಮಾತು ಹೇಳಬೇಕು. ಹಳೆಶೆಡ್ ಅವರೇ ಬರೆದಂತೆ ಹನ್ನೊಂದು ವರ್ಷದ ಮೇಲೂ ಅದು ಚೆನ್ನಾಗಿಯೇ ಇತ್ತು. ಭಾರಕ್ಕೆ ಅದು ಫೋಮಿನಂತೆ ಕುಸಿಯುವುದಿಲ್ಲ. ಹಾಗಿರುವಾಗ ಹೊಸ ವಸ್ತುಗಳ ಹಿಂದೆ ಏಕೆ ಓಡಬೇಕು?

ಕಟ್ಟಡಭೌತ

ನೀರನ್ನು ತಡೆಯುವ ಕೆಲಸಕ್ಕೆ ಒಳ್ಳೆಯ ಫೆಲ್ಟ್ ಖಂಡಿತ ಸಾಕು ಸರ್, ಅದರಲ್ಲಿ ತಕರಾರಿಲ್ಲ. ಕಾಗದದ ತಿರುಳಿನ ಹಳೆಯ ಬಗೆಯದಲ್ಲದೆ, ಗಾಜಿನ ನಾರು ಅಥವಾ ಪಾಲಿಯೆಸ್ಟರ್ ತಿರುಳಿನದಾದರೆ ಇನ್ನೂ ಒಳ್ಳೆಯದು. ಗಾಳಿಯನ್ನು ಮಾತ್ರ ಅದು ತಡೆಯುವುದಿಲ್ಲ. ಕಾಂಕ್ರೀಟ್ ತೀರಾ ನಯವಾಗಿಲ್ಲದ ಕಡೆ ಫೆಲ್ಟ್ ಉಬ್ಬುಗಳ ಮೇಲೆ ಮಲಗಿ ತಗ್ಗುಗಳ ಮೇಲೆ ಸೇತುವೆಯಂತೆ ಹಾದುಹೋಗುತ್ತದೆ. ಅಡಿಯಲ್ಲಿ ಗಾಳಿ ಓಡಾಡುತ್ತದೆ. ಹಾಗಾಗಿ ಫೆಲ್ಟ್ ಹಾಕಿದರೆ ಅದರ ಕೆಳಗೂ ಮೇಲೂ ಸೀಲೆಂಟ್ ಬೇಕು.

ಒಂದು ಎಚ್ಚರಿಕೆ. ಫೆಲ್ಟ್ ಮತ್ತು ಇಪಿಡಿಎಂ ಎರಡನ್ನೂ ಒಟ್ಟಿಗೆ ತಾಗಿಸಿ ಹಾಕಬೇಡಿ. ಖನಿಜ ತೈಲದ ಅಂಶಗಳಿಗೆ ಇಪಿಡಿಎಂ ಒಗ್ಗುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ.

ಹೊಸಗೋಡೆ

ಸೀಲೆಂಟ್ ಎಂದಿರಲ್ಲ, ಯಾವುದು? ನನ್ನ ಹತ್ತಿರ ಸಿಲಿಕೋನ್ ನಾಲ್ಕು ಕೊಳವೆ ಇದೆ.

ಸಂದುಗಾರ

ಸಿಲಿಕೋನ್ ಇಲ್ಲಿ ಬೇಡ. ಅದು ಗಾಜಿಗೆ, ಹೊಳಪಿನ ಹೆಂಚಿಗೆ ಒಳ್ಳೆಯದು. ದೂಳು ಮತ್ತು ತೇವವಿರುವ ಕಾಂಕ್ರೀಟಿಗೆ ಅದು ನೆಚ್ಚುವಂತೆ ಅಂಟುವುದಿಲ್ಲ. ಬಹಳ ಸಾಮಾನ್ಯವಾದ, ಹುಳಿ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಬಿಡುವ ಆಮ್ಲ ಕಾಂಕ್ರೀಟಿನ ಕ್ಷಾರದೊಂದಿಗೆ ಸೇರಿ ಅಂಟಿನ ಹಿಡಿತವನ್ನೇ ಕೆಡಿಸುತ್ತದೆ.

ನಿಮ್ಮ ಮುಂದೆ ಎರಡು ಆಯ್ಕೆಗಳಿವೆ. ಪಾಲಿಯುರೆಥೇನ್ ಕಾಂಕ್ರೀಟಿಗೂ ಮರಕ್ಕೂ ಗಟ್ಟಿಯಾಗಿ ಅಂಟುತ್ತದೆ, ಗಟ್ಟಿಯಾದ ಮೇಲೂ ರಬ್ಬರಿನಂತೆ ಎಳೆದಾಡುತ್ತದೆ. ಎಂದೂ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುವ ಅಕೌಸ್ಟಿಕ್ ಸೀಲೆಂಟ್ ಇನ್ನೊಂದು. ಪಾಲಿಎಥಿಲೀನ್ ಹಾಳೆಗೆ, ಫೋಮಿಗೆ ಬೇರೆ ಸೀಲೆಂಟ್‌ಗಳು ಅಂಟದೆ ಸುಲಿದು ಬರುತ್ತವೆ, ಇದು ಮಾತ್ರ ಬಿಡುವುದಿಲ್ಲ. ಆದರೆ ಕೈಗೆ, ಬಟ್ಟೆಗೆ ಹತ್ತಿದರೂ ಬಿಡುವುದಿಲ್ಲ. ಕಣ್ಣಿಗೆ ಕಾಣುವ ಜಾಗದಲ್ಲಿ ಹಾಕಬೇಡಿ, ಅಡಿಪಟ್ಟಿಯ ಅಡಿಯಲ್ಲಿ ಹಾಕಿ.

ಎರಡರಲ್ಲಿ ಯಾವುದೇ ಆಗಲಿ, ಬೆರಳು ದಪ್ಪದ ಒಂದೇ ಸಾಲನ್ನು ಎಲ್ಲಿಯೂ ಕಡಿಯದಂತೆ ಎಳೆಯಿರಿ. ಬೋಲ್ಟ್ ಬಂದ ಕಡೆ ಅದರ ಸುತ್ತ ಬಳಸಿ ಮುಂದೆ ಹೋಗಿ. ಹೊರಅಂಚಿನಲ್ಲಿ ಎಳೆಯಬೇಡಿ, ಒಳಅಂಚಿನ ಹತ್ತಿರ ಎಳೆಯಿರಿ. ಹೊರಗಡೆಯಿಂದ ಎಂದಾದರೂ ನೀರು ನುಸುಳಿದರೆ ಅದು ಹೊರಗೇ ಹೋಗಲು ದಾರಿ ಇರಲಿ.

ಹಳೆಶೆಡ್

ಸಂದುಗಾರರು ಕೊನೆಯಲ್ಲಿ ಹೇಳಿದ್ದನ್ನು ಎರಡು ಸಲ ಓದಿ. ನಮ್ಮ ಶೆಡ್ಡಿನಲ್ಲಿ ಮರ ಲಡ್ಡಾಗಿದ್ದನ್ನು ನೋಡಿದ ಒಬ್ಬ ಕೆಲಸಗಾರರು ಹೊರಗಿನ ಸಂದಿಗೆಲ್ಲ ಸೀಲೆಂಟ್ ತುಂಬಿಬಿಡೋಣ ಎಂದಿದ್ದರು. ತುಂಬಿದ್ದರೆ ಉಳಿದ ನೀರೂ ಒಳಗೇ ಸಿಕ್ಕಿಕೊಳ್ಳುತ್ತಿತ್ತು.

ಲೋಹಜ್ಞಾನಿ

ಬೋಲ್ಟ್ ಬಗ್ಗೆ ಯಾರೂ ಕೇಳಲಿಲ್ಲ. ಹೊಸಗೋಡೆಯವರೇ, ನಿಮ್ಮ ಮರಕ್ಕೆ ಹೀರಿಸಿರುವುದು ತಾಮ್ರದ ಔಷಧಿಯೇ? ಹಸಿರು ಛಾಯೆ ಇದ್ದರೆ ಬಹುಪಾಲು ಅದೇ. ಆರ್ಸೆನಿಕ್ ಇದ್ದ ಹಳೆಯ ಸಿಸಿಎ ಔಷಧಿಯನ್ನು ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಹಾಕುವುದು 2003ರ ಕೊನೆಗೆ ನಿಂತಿತು. ಅದರ ಜಾಗಕ್ಕೆ ಬಂದ ಎಸಿಕ್ಯೂ ಮತ್ತು ಕಾಪರ್ ಅಜೋಲ್‌ಗಳಲ್ಲಿ ತಾಮ್ರ ಹೆಚ್ಚು. ತೇವ ಸಿಕ್ಕರೆ ಅದು ಸಾಮಾನ್ಯ ಉಕ್ಕನ್ನು ಬೇಗ ತಿನ್ನುತ್ತದೆ. ತೆಳು ಲೇಪನದ ಹೊಳೆಯುವ ನಟ್, ವಾಷರ್ ಹಾಕಬೇಡಿ. ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು ಅಥವಾ ಸ್ಟೇನ್‌ಲೆಸ್ ಇರಲಿ. ಆ ತಗಡು ಅಲ್ಯೂಮಿನಿಯಂ ಆಗಿದ್ದರೆ ಮರಕ್ಕೆ ನೇರವಾಗಿ ತಾಗದಂತೆ ನಡುವೆ ಹಾಳೆ ಹಾಕಿ.

ಕತ್ತರಿಸಿದ ತುದಿಗಳಿಗೂ ಕೊರೆದ ತೂತುಗಳಿಗೂ ಬ್ರಷ್ಷಿನಿಂದ ಔಷಧಿ ಬಳಿಯುವುದನ್ನು ಮರೆಯಬೇಡಿ. ಔಷಧಿ ಮರದ ನಡುವಿನವರೆಗೂ ಇಳಿದಿರುವುದಿಲ್ಲ. ಗರಗಸ ಹಾಕಿದ ಕಡೆ ಔಷಧಿ ತಾಗದ ಮರ ಬಾಯಿ ತೆರೆದುಕೊಳ್ಳುತ್ತದೆ.

ಹೊಸಗೋಡೆ

ಹಸಿರು ಛಾಯೆಯೇ. ಬೋಲ್ಟ್ ಸತುವಿನಲ್ಲಿ ಅದ್ದಿದ್ದು, ಆದರೆ ತಂದಿಟ್ಟ ವಾಷರ್‌ಗಳು ಹೊಳೆಯುವ ತೆಳು ಲೇಪನದವು. ಬದಲಾಯಿಸುತ್ತೇನೆ. ಧನ್ಯವಾದ.

ಗೆದ್ದಲಿನ ಬಗ್ಗೆಯೂ ಕೇಳಬೇಕಿತ್ತು. ಔಷಧಿ ಮರ ಹಾಕಿದ ಮೇಲೆ ಹೆದರಬೇಕೇ?

ಉಳಿಬಾಚಿ

ಅಡಿಪಟ್ಟಿಯನ್ನು ಗೆದ್ದಲು ಬಿಟ್ಟರೂ ಅದರ ಮೇಲಿನ ನಿಲುವುಮರಕ್ಕೆ ಔಷಧಿ ಇರುವುದಿಲ್ಲವಲ್ಲ. ಹೊರಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಅದು ಔಷಧಿ ಮರವನ್ನು ದಾಟಿ ಹೋಗಬಲ್ಲದು. ಗೆದ್ದಲು ಇರುವ ಜಾಗವಾದರೆ ಅಡಿಪಟ್ಟಿಯ ಕೆಳಗೆ ಅಂಚು ಹೊರಚಾಚಿದ ಲೋಹದ ತಡೆತಗಡು ಹಾಕುತ್ತಾರೆ. ತಡೆತಗಡು ಗೆದ್ದಲನ್ನು ನಿಲ್ಲಿಸಿಬಿಡುತ್ತದೆ ಎಂದು ನಂಬಬೇಡಿ. ಸುತ್ತಿ ಬಳಸಿ ಬರುವಂತೆ ಮಾಡುತ್ತದೆ, ಆಗ ಸುರಂಗ ನಮ್ಮ ಕಣ್ಣಿಗೆ ಬೀಳುತ್ತದೆ. ಅದಕ್ಕಾಗಿಯೇ ಕಾಂಕ್ರೀಟಿನ ಅಂಚು ಒಂದು ಅಂಗೈ ಅಗಲದಷ್ಟಾದರೂ ಕಾಣುತ್ತಿರಬೇಕು. ಮಣ್ಣು, ಗಿಡ, ಸೌದೆ ಒಟ್ಟಿ ಅದನ್ನು ಮುಚ್ಚಬಾರದು.

ತಗಡು ಹಾಕಿದರೂ ಅದರ ಕೆಳಗೆ ಮೇಲೆ ಗಾಳಿತಡೆ ಬೇಕೇ ಬೇಕು. ಲೋಹದ ಮೇಲೆ ಮರ ಇಟ್ಟರೆ ಸಂದು ಮುಚ್ಚಿಹೋಗುವುದಿಲ್ಲ.

ತೇವಮಾಪಕ

ಆರು ವಾರದ ಕಾಂಕ್ರೀಟ್ ಎಂದಿರಿ. ಗಟ್ಟಿಯಾಗಿದೆ, ಆದರೆ ಒಣಗಿಲ್ಲ. ದಪ್ಪದ ಪ್ರತಿ 25 ಮಿಲಿಮೀಟರಿಗೆ ಒಂದು ತಿಂಗಳು ಎಂಬುದು ಸ್ಥೂಲ ಲೆಕ್ಕ. 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಹಾಸಿನ ಮೇಲೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ಎತ್ತಿ ನೋಡಿ. ಹಾಳೆಯ ಒಳಮುಖದಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಗಾಗಿದ್ದರೆ ಇನ್ನೂ ತೇವ ಬಿಡುತ್ತಿದೆ ಎಂದರ್ಥ. ಅದಕ್ಕಾಗಿ ಗೋಡೆ ಎಬ್ಬಿಸುವುದನ್ನು ನಿಲ್ಲಿಸಬೇಕಿಲ್ಲ, ನೀರು ದಾಟದ ಪದರವನ್ನು ಮಾತ್ರ ಬಿಡಬೇಡಿ. ಹಾಸಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಿದ್ದೀರಾ?

ಹೊಸಗೋಡೆ

ಹಾಕಿದ್ದೇನೆ, ಅದರ ಕೆಳಗೆ 100 ಮಿಲಿಮೀಟರ್ ಜಲ್ಲಿಯೂ ಇದೆ. ಹಾಳೆ ಅಂಟಿಸಿ ನೋಡಿದೆ, ಬೆಳಿಗ್ಗೆ ಕಾಂಕ್ರೀಟ್ ಕಪ್ಪಗಾಗಿತ್ತು.

ಎಲ್ಲರ ಮಾತು ಸೇರಿಸಿ ಹೀಗೆ ಯೋಚಿಸಿದ್ದೇನೆ. ಗುಡ್ಡೆ ಉಜ್ಜಿ, ತಗ್ಗಿಗೆ ಗ್ರೌಟ್. ಸುತ್ತಲೂ ಕೆರೆದು ಶುಚಿ. ಪಾಲಿಎಥಿಲೀನ್ ಹಾಳೆಯ ಮೇಲೆ ಎರಡು ಇಪಿಡಿಎಂ ನಳಿಕೆ ಕೂರಿಸಿದ ಗ್ಯಾಸ್ಕೆಟ್ ಸಿಗುತ್ತಿದೆ, 140 ಮಿಲಿಮೀಟರ್ ಅಗಲ. ಹಾಳೆ ನೀರನ್ನು, ನಳಿಕೆ ಗಾಳಿಯನ್ನು ತಡೆಯುತ್ತದೆ. ಅದನ್ನು ಅಡಿಪಟ್ಟಿಯ ಕೆಳಮುಖಕ್ಕೆ ಸ್ಟೇಪಲ್ ಮಾಡಿ ತಿರುಗಿಸಿ ಇಡುವುದು. 20 ಮಿಲಿಮೀಟರ್ ಚಾಚಿದ ಬದಿಗೆ ಬಾಗಿಸಿದ ತಗಡು. ಏನಾದರೂ ಬಿಟ್ಟುಹೋಯಿತೇ?

ಉಳಿಬಾಚಿ

ಬಾಗಿಲು ಬಿಟ್ಟುಹೋಯಿತು. ಬಾಗಿಲಿನ ಎರಡೂ ಪಕ್ಕದಲ್ಲಿ ಅಡಿಪಟ್ಟಿ ತುಂಡಾಗಿ ನಿಲ್ಲುತ್ತದೆ. ಆ ತುದಿಗಳ ಮೇಲೆ ಭಾರ ಸರಿಯಾಗಿ ಬೀಳದಿದ್ದರೆ ಗ್ಯಾಸ್ಕೆಟ್ ಅದುಮಿಕೊಳ್ಳುವುದಿಲ್ಲ, ತುದಿ ಎದ್ದು ನಿಲ್ಲುತ್ತದೆ. ಅಲ್ಲಿ ತುದಿಯಿಂದ 300 ಮಿಲಿಮೀಟರಿನ ಒಳಗೆ ಒಂದು ಬೋಲ್ಟ್ ಇರಲೇಬೇಕು. ಇಲ್ಲದಿದ್ದರೆ ಈಗಲೇ ಕೊರೆದು ಕೂರಿಸಿ.

ಗ್ಯಾಸ್ಕೆಟ್‌ಗೆ ಬೋಲ್ಟಿನ ಜಾಗದಲ್ಲಿ ದೊಡ್ಡ ತೂತು ಕತ್ತರಿಸಬೇಡಿ. ಚಾಕುವಿನಿಂದ ಅಡ್ಡ-ಉದ್ದ ಸೀಳಿ, ಬೋಲ್ಟ್ ತಾನೇ ತೂರಿ ಬರಲಿ, ಹಾಳೆ ಅದರ ಸುತ್ತ ಬಿಗಿಯಾಗಿ ನಿಲ್ಲುತ್ತದೆ. ಮೂಲೆಗಳಲ್ಲಿ ಒಂದರ ಮೇಲೊಂದು ಹೇರಬೇಡಿ, ಎರಡು ಪಟ್ಟು ದಪ್ಪವಾಗಿ ಮೂಲೆ ಏಳುತ್ತದೆ. ತುದಿಗೆ ತುದಿ ಜೋಡಿಸಿ ಆ ಸಂದಿಗೆ ಅಕೌಸ್ಟಿಕ್ ಸೀಲೆಂಟ್ ಹಾಕಿ. ಅಡಿಪಟ್ಟಿಗಳು ಒಂದಕ್ಕೊಂದು ಸೇರುವ ಕಡೆಯೂ ಅದೇ. ವಾಷರ್ ದೊಡ್ಡದಿರಲಿ, 75 ಮಿಲಿಮೀಟರ್ ಚೌಕದ್ದು ಸಿಕ್ಕರೆ ಮರಕ್ಕೆ ಒತ್ತಡ ಹರಡುತ್ತದೆ.

ಕೊನೆಯದು. ಒಳಗಿನ ಹಲಗೆ ಹೊಡೆಯುವ ಮೊದಲು ಎಲ್ಲ ನಟ್‌ಗಳನ್ನೂ ಮತ್ತೊಮ್ಮೆ ಬಿಗಿಯಿರಿ. ಕಟ್ಟಡಭೌತರು ಹೇಳಿದ ಒಂದೂವರೆ ಮಿಲಿಮೀಟರ್ ಅಷ್ಟರಲ್ಲಿ ಹೊರಬಿದ್ದಿರುತ್ತದೆ.

ಸರಳದಾರಿ

ಈ ಚರ್ಚೆ ಓದಿ ನನ್ನ ಮೂರನೆಯ ಕಟ್ಟಡಕ್ಕೆ ಹೋಗಿ ನೋಡಿದೆ. ಒಳಗಿನ ಹಲಗೆ ಇನ್ನೂ ಹೊಡೆದಿರಲಿಲ್ಲ. ನಟ್‌ಗಳು ಬೆರಳಿನಲ್ಲೇ ತಿರುಗಿದವು, ಎರಡು ಕಡೆ ಫೋಮಿನ ಮೇಲೆ ಕಾಗದ ತೂರುವಷ್ಟು ಸಂದು ಇತ್ತು. ಬಿಗಿದು ಒಳಅಂಚಿಗೆ ಪಾಲಿಯುರೆಥೇನ್ ಎಳೆದೆ. ಹಾಸು ನುಣುಪಾಗಿದ್ದರೆ ಫೋಮ್ ಮತ್ತು ಸೀಲೆಂಟ್ ಎರಡೂ ಸೇರಿ ಸಾಕು ಎಂಬುದು ಈಗಲೂ ನನ್ನ ಅಭಿಪ್ರಾಯ. ಬರೀ ಫೋಮ್ ಸಾಕು ಎಂದು ಇನ್ನು ಹೇಳುವುದಿಲ್ಲ.

ಕಟ್ಟಡಭೌತ

ಅದಕ್ಕೆ ನನ್ನ ಒಪ್ಪಿಗೆ ಇದೆ. ಹೊಸಗೋಡೆಯವರಿಗೆ ಏರುಪೇರು 3 ಮಿಲಿಮೀಟರ್ ಇರುವುದರಿಂದ ರಬ್ಬರ್ ಹೇಳಿದೆವು.

ಹೊಸಗೋಡೆ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಗೋಡೆ, ಚಾವಣಿ, ಹೊರಹಲಗೆ ಆಯಿತು. ನಿನ್ನೆ ಗಾಳಿ ಜೋರಾಗಿ ಬೀಸುತ್ತಿತ್ತು. ಕಿಟಕಿ ಬಾಗಿಲು ಮುಚ್ಚಿ, ತೆಳುವಾದ ಟಿಶ್ಯೂ ಕಾಗದದ ಪಟ್ಟಿ ಹಿಡಿದು ಅಡಿಪಟ್ಟಿಯುದ್ದಕ್ಕೂ ಮಂಡಿಯಲ್ಲೇ ಸಾಗಿದೆ. ಗ್ರೌಟ್ ಹಾಕಿದ ಮೂಲೆಯಲ್ಲಿ ಕಾಗದ ಮಿಸುಕಲಿಲ್ಲ. ಉದ್ದದ ಬದಿಗಳಲ್ಲಿಯೂ ಇಲ್ಲ. ಬಾಗಿಲಿನ ಎಡಪಕ್ಕದಲ್ಲಿ ಮಾತ್ರ ಕಾಗದದ ತುದಿ ಒಳಕ್ಕೆ ಬಾಗಿ ನಡುಗಿತು. ಬಲಪಕ್ಕದಲ್ಲಿ ಬೋಲ್ಟ್ 250 ಮಿಲಿಮೀಟರಿನಲ್ಲಿದೆ, ಎಡಪಕ್ಕದಲ್ಲಿ 480. ಅದು ಹತ್ತಿರವೇ ಇದೆ ಎಂದುಕೊಂಡು ಕೊರೆಯದೆ ಬಿಟ್ಟಿದ್ದೆ.

ಇವತ್ತು ಅಲ್ಲಿ ತೂತು ಕೊರೆದು, ದೂಳು ಊದಿ, ಹೊಸ ಬೋಲ್ಟ್ ಕೂರಿಸಿದೆ. ಅಡಿಪಟ್ಟಿ ಇಳಿದು ನಳಿಕೆ ಅದುಮಿದ್ದು ಕಣ್ಣಿಗೇ ಕಂಡಿತು. ಉಳಿದ ನಟ್‌ಗಳು ತಲಾ ಅರ್ಧ ಸುತ್ತು ತಿರುಗಿದವು, ಎರಡು ಮಾತ್ರ ಪೂರ್ತಿ ಒಂದು ಸುತ್ತು. ಸಂಜೆ ಮತ್ತೆ ಕಾಗದ ಹಿಡಿದೆ. ಬಾಗಿಲಿನ ಪಕ್ಕದಲ್ಲಿಯೂ ನೇರವಾಗಿ ನಿಂತಿತು. ನಾಳೆಯಿಂದ ಒಳಗಿನ ಹಲಗೆ ಹೊಡೆಯುತ್ತೇವೆ.